ನೊಗ ಹೊತ್ತವನ ಮಾತಿಗೆ ಮಾತ್ರ ದಾಖಲೆ ಬೇಕಾ?



ಪೋಸ್ಟ್ ಉದ್ದ ಐತಿ. ಈಗ ಪುರುಸೊತ್ತಿಲ್ಲದವರು ಸೇವ್ ಮಾಡಿಟ್ಟುಕೊಂಡು ರಾತ್ರಿ ಓದಿ. ಆದರೆ ಪೂರ್ತಿ ಓದದೆ ಕಮೆಂಟ್ ಹಾಕಬೇಡಿ, ಯಾಕಂದ್ರೆ ಕೊನೆಕೊನೆಗೆ ನಮ್ಮವರನ್ನೂ ಬೈಯೋದೈತಿ.

ಕಳೆದ ವಾರ ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಕಾಲೇಜಿನ ಹೆಸರು ಬರೆಯೋದಿಲ್ಲ. ಬರೆದರೆ ಜಗಳ ಒಬ್ಬ ಮನುಷ್ಯನ ಮೇಲೆ ಹೋಗುತ್ತದೆ, ಆ ಮಾತು ಮಾತ್ರ ನೂರು ಜನರ ಬಾಯಲ್ಲಿ ಆರಾಮಾಗಿ ಉಳಿಯುತ್ತದೆ. ದಲಿತ ಆತ್ಮಕಥನಗಳ ಗೋಷ್ಠಿ ಅದು. ಎಂ.ಎ. ಓದೋ ಒಬ್ಬ ಹುಡುಗಿ ಸಿದ್ದಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲೇ ಬರುವ ದೃಶ್ಯವನ್ನು ಎತ್ತಿಕೊಂಡು ಮಾತಾಡಿದಳು. ನಿಮಗೆಲ್ಲ ಗೊತ್ತಿರೋದೇ. ಮಾಗಡಿ ತಾಲೂಕಿನ ಮಂಚನಬೆಲೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ಉಳುವವನೊಬ್ಬ. ನೋಡ್ತಾ ನಿಂತ ಹುಡುಗನಿಗೆ ಮೊದಲು ಅದೊಂದು ತಮಾಷೆ. ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ. ಹುಡುಗಿ ಹೇಳಿದ್ದು ಇಷ್ಟೇ: ಇದು ಕರ್ನಾಟಕದಲ್ಲಿ ಮನುಷ್ಯರ ದುಡಿಮೆ ಹೇಗಿತ್ತು ಅನ್ನೋದಕ್ಕೆ ಚರಿತ್ರೆಯ ಆಧಾರ, ಇದನ್ನು ಇತಿಹಾಸದ ಪಠ್ಯದಲ್ಲಿ ಸೇರಿಸಬೇಕು.

ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು ನಕ್ಕರು. ಕೆಟ್ಟ ನಗು ಅಲ್ಲ, ಪ್ರೀತಿಯಿಂದ ತಿದ್ದೋ ನಗು. ಅದು ಇನ್ನೂ ಅಪಾಯ. “ಅದನ್ನ ರೂಪಕ ಅಂತ ಓದಬೇಕಮ್ಮಾ. ಆತ್ಮಕಥೆ ಸಾಹಿತ್ಯ. ಚರಿತ್ರೆಗೆ ದಾಖಲೆ ಬೇಕು. ಒಬ್ಬರ ನೆನಪು ಇಟ್ಟುಕೊಂಡು ಜೀತದ ಇತಿಹಾಸ ಬರೆಯೋಕಾಗಲ್ಲ” ಅಂದರು. ಹುಡುಗಿ ಕೂತುಬಿಟ್ಟಳು. ನಾನು ಕೈ ಎತ್ತಿದೆ. ಊಟದ ಹೊತ್ತಾಗಿತ್ತು. ವಂದನಾರ್ಪಣೆ ಆಯಿತು, ಎಲ್ಲರೂ ಗೋಧಿ ಪಾಯಸದ ಕಡೆ ಹೋದರು. ಅಲ್ಲಿ ಹೇಳೋಕೆ ಸಿಗದ ಮಾತನ್ನ ಇಲ್ಲಿ ಬರೀತಾ ಇದೀನಿ.

ನಾನು ಬಿ.ಎ., ಇತಿಹಾಸ ಒಂದು ವಿಷಯ, ಸೆಕೆಂಡ್ ಕ್ಲಾಸು. ಹೊಟ್ಟೆಪಾಡಿಗೆ ಗುಮಾಸ್ತ. ಆದರೆ ದಾಖಲೆ ಅಂದರೆ ಏನು ಅನ್ನೋದು ಆ ಸರ್‌ಗಿಂತ ನನಗೆ ಒಂದು ಕೈ ಜಾಸ್ತಿ ಗೊತ್ತು. ಅವರು ದಾಖಲೆ ಓದೋರು, ನಾನು ದಾಖಲೆ ಮಾಡೋನು.

ಮೊದಲು ಅವರದೇ ಮೈದಾನದಲ್ಲಿ ಆಡೋಣ. ನಮ್ಮ ಹಾವೇರಿ ಜಿಲ್ಲೆಯ ಅಬಲೂರಿನ ಸೋಮೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಐತಿ. ಸುಮಾರು 1200ರ ಹೊತ್ತಿನದು. ಏಕಾಂತದ ರಾಮಯ್ಯ ಜೈನರ ಜೊತೆ ವಾದಕ್ಕಿಳಿದು, ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿ, ಏಳನೇ ದಿನ ಅದನ್ನು ಮರಳಿ ಪಡೆದ ಅಂತ ಅದರಲ್ಲಿದೆ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟದ್ದೂ ಇದೆ. ಇದನ್ನ ಮೊದಲು ಇಂಗ್ಲಿಷಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಅವತ್ತಿಂದ ಇವತ್ತಿನ ತನಕ ಕರ್ನಾಟಕದ ಇತಿಹಾಸ ಬರೆಯೋ ಯಾವ ಪಂಡಿತನೂ ಇದನ್ನ ಬಿಟ್ಟು ಮುಂದೆ ಹೋಗಿಲ್ಲ.

ನಾನು ಆ ಶಾಸನವನ್ನ ಹಾಸ್ಯ ಮಾಡ್ತಿಲ್ಲ, ಶರಣರ ಮೇಲೆ ಗೌರವ ಇರೋನೇ ನಾನು. ಇತಿಹಾಸಕಾರರು ಮಾಡಿದ್ದು ಸರಿಯಾಗೇ ಇದೆ. ತಲೆ ಅಂಟಿದ್ದನ್ನ ಪಕ್ಕಕ್ಕಿಟ್ಟರು. ಆ ಕಾಲದಲ್ಲಿ ಈ ಸೀಮೆಯಲ್ಲಿ ಶೈವರಿಗೂ ಜೈನರಿಗೂ ತಿಕ್ಕಾಟ ಇತ್ತು, ರಾಜರು ನಡುವೆ ಬಂದರು, ದೇವಸ್ಥಾನಕ್ಕೆ ದತ್ತಿ ಆಯಿತು ಅನ್ನೋದನ್ನ ಎತ್ತಿಕೊಂಡರು. ನಂಬಲಾಗದ್ದನ್ನ ಬಿಟ್ಟು ನಂಬಬಹುದಾದ್ದನ್ನ ಸೋಸಿ ತೆಗೆಯೋದೇ ಅವರ ಕಸುಬು. ನನ್ನ ಪ್ರಶ್ನೆ ಒಂದೇ: ಕಡಿದ ತಲೆ ಕೂಡಿಕೊಂಡಿತು ಅನ್ನೋ ಕಲ್ಲಿಗೆ ಸಿಗೋ ಈ ತಾಳ್ಮೆ, ಅಪ್ಪನ ಹೆಗಲ ಮೇಲೆ ನೊಗ ನೋಡಿದೆ ಅನ್ನೋ ಮಗನಿಗೆ ಯಾಕೆ ಸಿಗಲಿಲ್ಲ? ಅಲ್ಲಿ ಸೋಸೋಕೆ ಜರಡಿ ತಂದರು, ಇಲ್ಲಿ ‘ರೂಪಕ’ ಅಂತ ಹೇಳಿ ಕಾಳು ಸಮೇತ ತಿಪ್ಪೆಗೆ ಸುರಿದರು.

ನಮ್ಮೂರು ಗಳಗನಾಥ. ವರದೆ ಬಂದು ತುಂಗಭದ್ರೆಗೆ ಕೂಡೋ ಜಾಗ. ಹೊಳಿ ದಂಡಿಗೆ ಗಳಗೇಶ್ವರ ಗುಡಿ, ಚಾಲುಕ್ಯರ ಕಾಲದ್ದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅದರ ಬುಡ ನೋಡೋಕೆ ದೂರದಿಂದ ಜನ ಬರ್ತಾರೆ. ಸಣ್ಣವನಿದ್ದಾಗ ಆ ಕಲ್ಲುಗಳನ್ನ ನೋಡ್ತಾ ನನಗೆ ಬರ್ತಿದ್ದ ಯೋಚನೆ ಒಂದೇ: ಇವನ್ನ ಹೊತ್ತವರು ಯಾರು? ಶಾಸನಗಳಲ್ಲಿ ಉತ್ತರ ಇಲ್ಲ. ರಾಜನ ಬಿರುದು ಇರ್ತಾವೆ, ದಾನ ಕೊಟ್ಟವನ ವಂಶ, ಭೂಮಿಯ ಚಕ್ಕುಬಂದಿ, ದಾನ ಕೆಡಿಸಿದವನಿಗೆ ಶಾಪ. ಆ ಕಾಲದ ಶಾಸನಗಳಲ್ಲಿ ‘ಬಿಟ್ಟಿ’ ಅನ್ನೋ ಪದ ಬರುತ್ತದೆ, ಬಿಟ್ಟಿ ದುಡಿಮೆ ಪಡೆಯೋ ಹಕ್ಕು ಅಂತ, ಇಲ್ಲಾ ಅದರಿಂದ ವಿನಾಯಿತಿ ಅಂತ. ಬಿಟ್ಟಿ ಮಾಡಿದವನ ಹೆಸರು ಬರೋದಿಲ್ಲ. ಹೆಸರು ಬರೆಸೋಕೆ ಕಲ್ಲು ಬೇಕು, ಕಲ್ಲು ಕೆತ್ತಿಸೋಕೆ ದುಡ್ಡು ಬೇಕು. ಅಷ್ಟೇ ಕತೆ. ಶಾಸನದ ಮಾತು ಹೊಸೆದ ಕವಿ ಒಬ್ಬ, ಕೆತ್ತಿದವ ಇನ್ನೊಬ್ಬ, ದುಡ್ಡು ಕೊಟ್ಟವ ಮತ್ತೊಬ್ಬ. ಮೂರು ಕೈ ದಾಟಿ ಬಂದ ಮಾತು ಅದು, ಆದರೂ ಪ್ರಾಥಮಿಕ ಆಧಾರ.

ಇದೇ ಊರಿನ ಗಳಗನಾಥರು, ಅಂದರೆ ವೆಂಕಟೇಶ ತಿರಕೊ ಕುಲಕರ್ಣಿಯವರು, ಐತಿಹಾಸಿಕ ಕಾದಂಬರಿ ಬರೆದು ಪುಸ್ತಕದ ಗಂಟು ಹೊತ್ತು ಊರೂರು ಮಾರಿದವರು. ದೊಡ್ಡ ಕೆಲಸ, ಕನ್ನಡಿಗರಿಗೆ ಓದೋದು ಕಲಿಸಿದರು. ವಿಜಯನಗರ ಹುಟ್ಟಿದ್ದನ್ನ ನಮ್ಮ ಎಷ್ಟೋ ಹಿರಿಯರು ನಂಬಿದ್ದು ‘ಮಾಧವ ಕರುಣಾವಿಲಾಸ’ ಓದಿ. ಕಾದಂಬರಿ ಓದಿ ಇತಿಹಾಸ ಅಂದ್ಕೊಂಡವರನ್ನ ಯಾರೂ ದಾಖಲೆ ಕೇಳಲಿಲ್ಲ. ಇದು ಸುಮ್ಮನೆ ನೆನಪಾಯ್ತು, ಮುಂದಕ್ಕೆ ಹೋಗೋಣ.

ಇನ್ನೊಬ್ಬ ಸಾಕ್ಷಿ ಫ್ರಾನ್ಸಿಸ್ ಬುಕನನ್. ಕಂಪನಿ ಸರಕಾರದ ವೈದ್ಯ. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ. ತುಳುನಾಡು, ಮಲಬಾರಿನ ಗುಲಾಮರ ಬಗ್ಗೆ, ಅವರನ್ನ ಮಾರೋದು, ಒತ್ತೆ ಇಡೋದು, ಅವರಿಗೆ ಕೊಡೋ ಕಾಳಿನ ಬಗ್ಗೆ ಬರೆದಿದ್ದಾನೆ. ಆ ಕಡೆ ‘ಮೂಲದ ಹೊಲೆಯರು’ ಅಂತಾನೇ ಕರೀತಿದ್ದರು, ಹೊಲದ ಜೊತೆ ಹುಟ್ಟಿ ಹೊಲದ ಜೊತೆ ಕೈ ಬದಲಾಗೋ ಜನ. ಬುಕನನ್ ಬರೆದದ್ದಕ್ಕೆ ನಾನು ಋಣಿ. ಆದರೆ ನೋಡಿ, ಒಂದು ಊರಲ್ಲಿ ಒಂದು ರಾತ್ರಿ ಡೇರೆ ಹಾಕಿ, ದುಭಾಷಿ ಇಟ್ಟುಕೊಂಡು, ಬಹುಪಾಲು ಊರಿನ ಮುಖ್ಯಸ್ಥರನ್ನೇ ಕೇಳಿ ಬರೆದುಕೊಂಡ ಮಾತು ಅದು. ಒಂದು ರಾತ್ರಿ ತಂಗಿದವ ದಾಖಲೆ, ಕೊಟ್ಟಿಗೆಯಲ್ಲೇ ಜೀವ ಸವೆಸಿದವ ರೂಪಕ!

ಈಗ ನನ್ನ ಟೇಬಲ್ಲಿಗೆ ಬರ್ತೀನಿ. ಇದನ್ನ ಬರೆಯೋಕೆ ಕೈ ಹಿಂಜರೀತದೆ.

ನೌಕರಿಗೆ ಹೊಸದಾಗಿ ಸೇರಿದ್ದೆ. ಯಾವ ಕಚೇರಿ ಅನ್ನೋದು ಬೇಡ. ಮೇಲಿನಿಂದ ಒಂದು ನಮೂನೆ ಬಂತು: ನಿಮ್ಮ ವ್ಯಾಪ್ತಿಯ ಗ್ರಾಮಗಳಲ್ಲಿರುವ ಜೀತ ಕಾರ್ಮಿಕರ ವಿವರ, ಇವತ್ತೇ ಸಂಜೆಯೊಳಗೆ. ಯಾರೂ ಹೊರಗೆ ಹೋಗಲಿಲ್ಲ. ಒಂದು ಗಾಡಿಯೂ ಸ್ಟಾರ್ಟ್ ಆಗಲಿಲ್ಲ. ಹಿಂದಿನ ಸಲದ ಪ್ರತಿ ತೆಗೆದು, ದಿನಾಂಕ ಬದಲಿಸಿ, ಊರಿನ ಹೆಸರುಗಳ ಮುಂದೆ ‘ನಿರಂಕ’, ‘ನಿರಂಕ’, ‘ನಿರಂಕ’ ಅಂತ ಟೈಪ್ ಮಾಡಿದೆ. ಸಹಿ ಆಯಿತು, ಮೊಹರು ಬಿತ್ತು, ಹೋಯಿತು. ಆ ಪಟ್ಟಿಯ ಒಂದು ಊರಲ್ಲಿ ನನ್ನ ಸ್ವಂತ ಬಳಗದ ಹುಡುಗ, ಅಪ್ಪನ ಆಸ್ಪತ್ರೆ ಸಾಲಕ್ಕೆ ಒಬ್ಬರ ಮನೆಯಲ್ಲಿ ಸಂಬಳ ಇಲ್ಲದೆ ದುಡೀತಿದ್ದ. ನನಗೆ ಗೊತ್ತಿತ್ತು. ಪ್ರೊಬೆಷನರಿ ಅವಧಿ, ನೌಕರಿ ಹೋದೀತು ಅನ್ನೋ ಹೆದರಿಕೆ, ಮನೆಯಲ್ಲಿ ತಂಗಿ ಮದುವೆ. ನೆಪ ಬೇಕಾದಷ್ಟಿದ್ದವು. ಅವನ ಊರಿನ ಮುಂದೆಯೂ ‘ನಿರಂಕ’ ಅಂತಾನೇ ಹೊಡೆದೆ.

ಐವತ್ತು ವರ್ಷ ಆದ ಮೇಲೆ ಒಬ್ಬ ಸಂಶೋಧಕ ಆ ಫೈಲ್ ತೆಗೀತಾನೆ. ಮೊಹರು ಇದೆ, ಹೊರವಾರು ಸಂಖ್ಯೆ ಇದೆ, ಅಧಿಕಾರಿಯ ಸಹಿ ಇದೆ. ‘ಈ ಅವಧಿಯಲ್ಲಿ ಈ ಭಾಗದಲ್ಲಿ ಜೀತ ಪದ್ಧತಿ ಇರಲಿಲ್ಲ ಎಂಬುದು ಸರಕಾರಿ ದಾಖಲೆಗಳಿಂದ ದೃಢಪಡುತ್ತದೆ’ ಅಂತ ಬರೀತಾನೆ, ಡಾಕ್ಟರೇಟ್ ತಗೋತಾನೆ. ಆ ಹುಡುಗ ಬದುಕಿದ್ದು ತನ್ನ ಕತೆ ಹೇಳಿದರೆ ಅವನಿಗೆ ಉತ್ತರ: ಅಜ್ಜಾ, ನಿನ್ನ ನೆನಪು ಸಾಹಿತ್ಯ.

ಸರ್, ನೀವು ಕೇಳೋ ದಾಖಲೆ ನಾನೇ ಮಾಡಿದ್ದು. ಅದು ಸುಳ್ಳು.

ಇದು ನಮ್ಮಲ್ಲಿ ಮಾತ್ರ ನಡೆದ ಕತೆ ಅಲ್ಲ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರು ನೂರಾರು ಆತ್ಮಕಥೆ ಬರೆದರು, ಬರೆಸಿದರು. ಅಲ್ಲಿನ ದೊಡ್ಡ ಇತಿಹಾಸಕಾರ ಯು.ಬಿ. ಫಿಲಿಪ್ಸ್ 1918ರಲ್ಲಿ ಗುಲಾಮಗಿರಿಯ ಇತಿಹಾಸ ಬರೆದಾಗ ನೆಚ್ಚಿಕೊಂಡದ್ದು ತೋಟದ ಮಾಲೀಕರ ಲೆಕ್ಕದ ಪುಸ್ತಕ, ಪತ್ರ, ಡೈರಿಗಳನ್ನ. ಗುಲಾಮರ ಕಥನ ಅವನಿಗೆ ಪ್ರಚಾರ ಸಾಹಿತ್ಯ. ಮಾಲೀಕನ ಪೆಟ್ಟಿಗೆಯಿಂದ ಮಾಲೀಕ ಒಳ್ಳೆಯವ ಅನ್ನೋ ಇತಿಹಾಸವೇ ಹೊರಗೆ ಬಂತು, ಆಶ್ಚರ್ಯ ಏನಿಲ್ಲ.

ಸೊಲೊಮನ್ ನಾರ್ಥಪ್ ಕತೆ ಸಿನಿಮಾದಲ್ಲಿ ನೋಡಿರ್ತೀರಿ. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ. 1841ರಲ್ಲಿ ವಾಷಿಂಗ್ಟನ್ನಿಗೆ ಕರೆದೊಯ್ದು, ಅಪಹರಿಸಿ, ಲೂಸಿಯಾನಾದಲ್ಲಿ ಮಾರಿದರು. 1853ರಲ್ಲಿ ಬಿಡುಗಡೆ. ಅದೇ ವರ್ಷ ಪುಸ್ತಕ ಬಂತು. ಹೇಳಿದವ ನಾರ್ಥಪ್, ಬರೆದವ ಡೇವಿಡ್ ವಿಲ್ಸನ್ ಅನ್ನೋ ಬಿಳಿಯ ವಕೀಲ. ಇನ್ನೊಬ್ಬ ಬರೆದದ್ದು, ಅದಕ್ಕೇ ನಂಬೋ ಹಾಗಿಲ್ಲ ಅಂದರು. (ಶಾಸನದ ಮೂರು ಕೈ ನೆನಪಿರಲಿ.) ಲೂಸಿಯಾನಾದ ಸೂ ಈಕಿನ್ ಅನ್ನೋ ಬಿಳಿಯ ಹೆಣ್ಣುಮಗಳು ಹುಡುಗಿಯಾಗಿದ್ದಾಗ ಈ ಪುಸ್ತಕ ಕಂಡಳು. ಅದರಲ್ಲಿದ್ದ ಊರುಗಳು ಅವಳ ಊರಿನ ಸುತ್ತಮುತ್ತಲಿನವೇ. ದೊಡ್ಡವಳಾದ ಮೇಲೆ ಒಂದು ಅಂಗಡಿಯಲ್ಲಿ ಹಳೆಯ ಪ್ರತಿ ಸಿಕ್ಕಿತು, ಅಂಗಡಿಯವ ಇದೆಲ್ಲಾ ಕಟ್ಟುಕತೆ ಅಂತ ಹೇಳಿ ಚಿಲ್ಲರೆ ದುಡ್ಡಿಗೆ ಕೊಟ್ಟ. ಆಕೆ ಅದನ್ನ ಹಿಡಿದುಕೊಂಡು ವರ್ಷಗಟ್ಟಲೆ ಕೋರ್ಟಿನ ಕಡತ, ಮಾರಾಟದ ಪತ್ರ, ತೋಟಗಳ ಜಾಗ ಎಲ್ಲಾ ಹುಡುಕಿ, ಜೋಸೆಫ್ ಲಾಗ್ಸ್‌ಡನ್ ಜೊತೆ ಸೇರಿ 1968ರಲ್ಲಿ ಟಿಪ್ಪಣಿ ಸಮೇತ ಹೊಸ ಆವೃತ್ತಿ ತಂದಳು. ಮಾಲೀಕರ ಹೆಸರು, ಹೊಳೆ, ದಾರಿ, ಗಿರಣಿ ಒಂದಾದ ಮೇಲೊಂದು ಕೂಡಿಕೊಂಡವು.

ಗುಮಾಸ್ತನಾಗಿ ನನಗೆ ಮೈ ಜುಮ್ ಅಂದದ್ದು ಬೇರೆ ಒಂದು ಕಾಗದ. ನಾರ್ಥಪ್‌ನನ್ನ ಸಾಗಿಸಿದ ‘ಆರ್ಲಿಯನ್ಸ್’ ಹಡಗಿನ ಪಟ್ಟಿ ಸಿಕ್ಕಿದೆ. ಅದರಲ್ಲಿ ಸೊಲೊಮನ್ ನಾರ್ಥಪ್ ಇಲ್ಲ. ಪ್ಲಾಟ್ ಅನ್ನೋ ಹೆಸರಿನ ಗುಲಾಮ ಇದ್ದಾನೆ. ಮಾರೋದಕ್ಕೆ ಇಟ್ಟ ಹೆಸರು ಅದು. ಪುಸ್ತಕ ಇಲ್ಲದೆ ಬರೀ ಪಟ್ಟಿ ಓದಿದವನಿಗೆ ಪ್ಲಾಟ್ ಅನ್ನೋ ಗುಲಾಮ ಹಡಗು ಹತ್ತಿದ, ಅಷ್ಟೇ. ಸರಕಾರಿ ಕಾಗದದ ಪ್ರಕಾರ ಎಲ್ಲಾ ಕಾನೂನುಬದ್ಧ. ಆ ಸಾಲಿನೊಳಗೆ ಕದ್ದು ತಂದ ಸ್ವತಂತ್ರ ಮನುಷ್ಯ ಇದ್ದಾನೆ ಅಂತ ಹೇಳಿದ್ದು ಆತ್ಮಕಥೆ. ನನ್ನ ‘ನಿರಂಕ’ಕ್ಕೂ ಆ ಪಟ್ಟಿಗೂ ಏನು ವ್ಯತ್ಯಾಸ ಹೇಳಿ? ಇನ್ನೊಂದು. ಬಿಡುಗಡೆಯಾಗಿ ಬಂದ ನಾರ್ಥಪ್ ತನ್ನನ್ನ ಮಾರಿದ ವ್ಯಾಪಾರಿಯ ಮೇಲೆ ವಾಷಿಂಗ್ಟನ್ನಿನಲ್ಲಿ ಕೇಸು ಹಾಕಿದಾಗ, ಕಪ್ಪು ಮನುಷ್ಯ ಅಂತ ಅವನ ಸಾಕ್ಷಿಯನ್ನೇ ತಗೊಳ್ಳಲಿಲ್ಲ. ಕೋರ್ಟಿನ ಬಾಗಿಲು ಹಾಕಿದ ಮೇಲೆ, ಕೋರ್ಟಿನ ದಾಖಲೆ ಎಲ್ಲಿ ಅಂತ ಕೇಳಿದ ಹಾಗಾಯ್ತು ಇದು.

ಹ್ಯಾರಿಯೆಟ್ ಜೇಕಬ್ಸ್ ಕತೆ ನಮ್ಮ ಪರ ಇದ್ದವರಿಗೂ ಪಾಠ. ನಾರ್ತ್ ಕ್ಯಾರೊಲಿನಾದ ಈಡೆನ್‌ಟನ್ನಿನಲ್ಲಿ ಗುಲಾಮಳಾಗಿದ್ದಾಕೆ. ಮಾಲೀಕನ ಕಾಟ ತಾಳದೆ ತಪ್ಪಿಸಿಕೊಂಡು, ಅಜ್ಜಿಯ ಮನೆಯ ಅಟ್ಟದ ಇಕ್ಕಟ್ಟಿನಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದಳು. 1861ರಲ್ಲಿ ಹೆಸರು ಮರೆಸಿಕೊಂಡು ಪುಸ್ತಕ ತಂದಳು. ನೂರು ವರ್ಷ ಜನ ಅದನ್ನ ಬಿಳಿಯ ಲೇಖಕಿಯೊಬ್ಬಳು ಹೆಣೆದ ಕಾದಂಬರಿ ಅಂದ್ಕೊಂಡರು. ಗುಲಾಮರ ಮಾತಿಗೆ ಬೆಲೆ ಕೊಡಬೇಕು ಅಂತ ಹೋರಾಡಿದ ಕಪ್ಪು ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ ಕೂಡ 1972ರಲ್ಲಿ ಈ ಒಂದು ಪುಸ್ತಕವನ್ನ ನಂಬಲಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯದ ಕತೆ ನಾಟಕದ ಹಾಗೆ ಕಂಡಿತು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಆಕೆಯ ಕೈಬರಹದ ಪತ್ರಗಳನ್ನ ಮುಂದಿಟ್ಟು, ಬರೆದವಳು ಜೇಕಬ್ಸೇ, ಜನರೂ ಜಾಗವೂ ನಿಜ ಅಂತ ತೋರಿಸಿದಳು. ಮಾಲೀಕ 1835ರಲ್ಲಿ ಪೇಪರಿನಲ್ಲಿ ಹಾಕಿಸಿದ ಜಾಹೀರಾತೂ ಇದೆ, ಓಡಿಹೋದವಳನ್ನ ಹಿಡಿದುಕೊಟ್ಟರೆ 100 ಡಾಲರ್ ಅಂತ. ಹಿಡಿಯೋದಕ್ಕೆ ಹಾಕಿದ ಕಾಗದವೇ ಅವಳ ಮಾತಿಗೆ ಸಾಕ್ಷಿ ಆಯಿತು.

ಅಮೆರಿಕದ್ದು ನಮಗ್ಯಾಕೆ ಅನ್ನಬೇಡಿ. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದು ಅರ್ಪಿಸಿದ್ದು ಗುಲಾಮಗಿರಿ ಅಳಿಸಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಪಕ್ಕಪಕ್ಕ ಇಟ್ಟು ಅಳೆದರು, ಎರಡೂ ಒಂದೇ ಅಂತ ಹೇಳಲಿಲ್ಲ. ಗುಲಾಮನಿಗೆ ದುಡ್ಡು ಕೊಟ್ಟ ಮಾಲೀಕನಿಗೆ ಅವನು ಸತ್ತರೆ ನಷ್ಟ, ಅಸ್ಪೃಶ್ಯ ಸತ್ತರೆ ಯಾರಿಗೂ ನಷ್ಟ ಇಲ್ಲ ಅನ್ನೋದು ಅವರ ಲೆಕ್ಕ. ಅವರ ‘ವೇಟಿಂಗ್ ಫಾರ್ ಎ ವೀಸಾ’ ನೋಡಿ. 1901ರಲ್ಲಿ ಅಪ್ಪನನ್ನ ನೋಡೋಕೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದ ಹುಡುಗನ ನೆನಪಿನಿಂದ ಶುರುವಾಗುತ್ತದೆ. ಆದರೆ ತಮ್ಮ ನೆನಪಿನಲ್ಲೇ ನಿಲ್ಲೋದಿಲ್ಲ. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಕಾಠಿಯಾವಾಡದ ಶಿಕ್ಷಕನೊಬ್ಬನ ಪತ್ರವನ್ನೂ ಪಕ್ಕಕ್ಕಿಡ್ತಾರೆ. ನೆನಪಿನ ಪಕ್ಕ ಕಾಗದ. ಬ್ಯಾರಿಸ್ಟರ್ ಅಲ್ವಾ, ಕೇಸು ಹೇಗೆ ಕಟ್ಟಬೇಕು ಅಂತ ಗೊತ್ತಿತ್ತು.

ಈಗ ನಮ್ಮವರಿಗೆ. ಇಲ್ಲಿ ಕಮೆಂಟ್ ಹಾಕೋ ತಮ್ಮಂದಿರು ಕೆಲವರು ‘ನಮ್ಮವರ ನೋವನ್ನ ಪರೀಕ್ಷೆ ಮಾಡೋದೇ ಅವಮಾನ’ ಅಂತೀರಿ. ನಾನು ಒಪ್ಪೋದಿಲ್ಲ. ಪರೀಕ್ಷೆ ಮಾಡದೆ ಬರೀ ಕೈ ಮುಗಿದು ಕೂತರೆ ಆ ಸರ್ ಹೇಳಿದ್ದನ್ನೇ ನೀವೂ ಹೇಳಿದ ಹಾಗಾಯ್ತು: ಇದು ಭಾವನೆ, ಇದಕ್ಕೆ ಲೆಕ್ಕ ಇಲ್ಲ ಅಂತ. ಸೂ ಈಕಿನ್ ಅನುಮಾನ ಪಟ್ಟು ಹುಡುಕಲಿಲ್ಲ, ನಂಬಿ ಹುಡುಕಿದಳು. ಹುಡುಕಿದ್ದಕ್ಕೇ ಇವತ್ತು ನಾರ್ಥಪ್‌ನನ್ನ ಯಾರೂ ಅಲ್ಲಾಡಿಸೋಕಾಗಲ್ಲ.

ನಾನು ಮಾಡಿ ನೋಡಿದ್ದನ್ನ ಹೇಳ್ತೀನಿ. ನಮ್ಮ ದೊಡ್ಡಪ್ಪ ಜೀತಕ್ಕಿದ್ದವರು. ಹೋದ ವರ್ಷ ನಾಲ್ಕು ಭಾನುವಾರ ಅವರ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಂಡೆ.

“ಹನ್ನೆರಡ ವರ್ಷ ದುಡದೇನಿ ತಮ್ಮಾ. ಕೆಂಪ ಜ್ವಾಳ ಹಂಚಿದ ಬರದಾಗ ಮುನ್ನೂರು ರೂಪಾಯಿ ಇಸಗೊಂಡಿದ್ದೆ, ಮುಂದಿನ ಉಗಾದಿಗೆ ಹೋಗಿ ನಿಂತೆ. ಬಿಟ್ಟದ್ದು ಗುಂಡೂರಾಯ ಹೋಗಿ ಹೆಗಡೆ ಬಂದ ವರ್ಷ.”

ಬರ ಅಂದರೆ 1972. ನಿಂತದ್ದು 1973ರ ಉಗಾದಿ. ಹೆಗಡೆಯವರು ಮುಖ್ಯಮಂತ್ರಿ ಆದದ್ದು 1983ರ ಜನವರಿ. ಹನ್ನೆರಡು ಎಲ್ಲಿ ಬಂತು? ಹತ್ತೇ ಆಗುತ್ತದೆ. ಆ ಸರ್ ಇದ್ದಿದ್ದರೆ ಅಲ್ಲೇ ಫೈಲ್ ಮುಚ್ಚುತ್ತಿದ್ದರು. ಒಳಗೆ ರೊಟ್ಟಿ ಬಡೀತಿದ್ದ ದೊಡ್ಡವ್ವ ಅಲ್ಲಿಂದಲೇ ಕೂಗಿದರು: “ಹೆಗಡೆ ಬಂದ ಮ್ಯಾಲೂ ಒಂದ ಸುಗ್ಗಿ ಮಾಡೇವಿ. ದೊಡ್ಡ ಹುಡುಗನ್ನ ಸಾಲಿಗೆ ಹಚ್ಚಿದ ವರ್ಷ ಬಿಟ್ಟದ್ದು.” ದೊಡ್ಡ ಹುಡುಗನ ಶಾಲೆಯ ದಾಖಲಾತಿ ನೋಡಿದೆ, 1984ರ ಜೂನ್. ಅಂದರೆ ಬಿಟ್ಟದ್ದು 1984ರ ಉಗಾದಿಗೆ. ಆದರೂ ಹನ್ನೊಂದೇ. ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೀತು: ದೊಡ್ಡಪ್ಪ ವರ್ಷ ಎಣಿಸಿಲ್ಲ, ದಣಿಯ ಬಾಗಿಲಲ್ಲಿ ನಿಂತ ಉಗಾದಿ ಎಣಿಸಿದ್ದಾರೆ. ಹೋದ ಉಗಾದಿ, ಬಿಟ್ಟ ಉಗಾದಿ ಎರಡೂ ಸೇರಿಸಿದರೆ ಸರಿಯಾಗಿ ಹನ್ನೆರಡು. ಕ್ಯಾಲೆಂಡರ್ ಇಲ್ಲದ ಮನುಷ್ಯನ ಲೆಕ್ಕದ ವಹಿ ಅದು. ತಪ್ಪಿದ್ದದ್ದು ಅವರ ಲೆಕ್ಕ ಅಲ್ಲ, ಅದನ್ನ ಓದೋ ನನ್ನ ವಿಧಾನ.

ತಪ್ಪುಗಳೂ ಇವೆ. ಸಾಲ ಮೊದಲ ಭಾನುವಾರ ಮುನ್ನೂರು, ಮೂರನೇ ಭಾನುವಾರ ಮುನ್ನೂರಾ ಐವತ್ತು. ವರ್ಷಕ್ಕೆ ಕೊಡ್ತಿದ್ದ ಜೋಳ ಒಮ್ಮೆ ನಾಲ್ಕು ಚೀಲ, ಒಮ್ಮೆ ಮೂರು. ಆದರೆ ನಾಲ್ಕು ಸಲದಲ್ಲೂ ಒಂದಿಷ್ಟೂ ಕದಲದ ಮಾತುಗಳಿವೆ. ಕತ್ತಲಿದ್ದಾಗಲೇ ಕೊಟ್ಟಿಗೆ ಬಳಿಯೋದು, ಆಮೇಲೆ ಮೇವು, ಎತ್ತು ಹೊಳೆಗೆ, ಹೊಲ, ರಾತ್ರಿ ಬೆಳೆ ಕಾಯೋದು. ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದ ತನ್ನ ಜರ್ಮನ್ ತಾಟು. ಅದರ ಅಂಚು ಒಂದು ಕಡೆ ನೆಗ್ಗಿದ್ದು. ರೊಟ್ಟಿ ಮೇಲಿನಿಂದ ಹಾಕುತ್ತಿದ್ದ ಎತ್ತರವನ್ನ ನಾಲ್ಕೂ ಸಲ ಕೈಯಿಂದಲೇ ತೋರಿಸಿದರು, ನಾಲ್ಕೂ ಸಲ ಎದೆಯ ಮಟ್ಟ. ಅಂಕಿ ಜಾರುತ್ತದೆ, ಮೈ ಕಲಿತದ್ದು ಜಾರೋದಿಲ್ಲ. ಇಂಥದ್ದನ್ನ ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು ಅನ್ನೋದನ್ನ ಕಲಿಸೋದು ಇತಿಹಾಸ ವಿಭಾಗದ ಕೆಲಸ ಆಗಿತ್ತು, ನನ್ನಂಥ ಗುಮಾಸ್ತನ ಪಾಲಿಗೆ ಬಂತು.

ಕೊನೆಯ ಭಾನುವಾರ ದೊಡ್ಡವ್ವ ಹೊರಗೆ ಬಂದು ಕೂತರು. ಅವರ ಮಾತು ನನ್ನ ಎಲ್ಲಾ ಲೆಕ್ಕ ಕೆಡಿಸಿತು. “ಅವರ ಹನ್ನೆರಡು ಬರ್ಕೊಂಡಿ. ನಾನೂ ದಿನಾ ಮುಂಜಾನೆ ಹೋಗಿ ಅಂಗಳದ ಕಸಾ ಹೊಡೀತಿದ್ದೆ, ಕುಳ್ಳು ತಟ್ಟತಿದ್ದೆ, ಸುಗ್ಯಾಗ ಕಣಾ ಮಾಡತಿದ್ದೆ. ನನ್ನ ಯಾವ ಲೆಕ್ಕದಾಗ ಹಿಡೀತೀ?” ದಣಿಯ ಪುಸ್ತಕ ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ಒಂದು ಹೆಬ್ಬೆಟ್ಟು ಇರುತ್ತದೆ, ದೊಡ್ಡಪ್ಪನದು. ದೊಡ್ಡಪ್ಪನ ನಾಲ್ಕು ತಾಸಿನ ಮಾತಿನಲ್ಲೂ ಇವರು ಇಲ್ಲ. ಒಂದು ಸಾಲಕ್ಕೆ ಎರಡು ಜೀವ ದುಡಿದಿದ್ದವು. ಜೀತಗಾರನ ಆತ್ಮಕಥೆಯೂ ಪೂರ್ತಿ ಸತ್ಯ ಅಲ್ಲ ಅನ್ನೋದು ಇಲ್ಲಿ ತಿಳೀತದೆ. ಅದನ್ನ ತಿದ್ದೋದಕ್ಕೆ ದಣಿಯ ವಹಿ ಬೇಕಿಲ್ಲ, ಜೀತಗಾರನ ಹೆಂಡತಿಯ ಮಾತು ಬೇಕು.

ಇನ್ನು ಕಾನೂನು. ದೊಡ್ಡಪ್ಪ ಬಿಟ್ಟು ಬಂದದ್ದು 1984 ಅಂದೆ. ಜೀತ ಪದ್ಧತಿ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, 1976ರಲ್ಲಿ ಅಧಿನಿಯಮ ಆಯಿತು. ಎಂಟು ವರ್ಷ ಅವರು ಕಾನೂನಿನ ಪ್ರಕಾರ ಸ್ವತಂತ್ರರು, ಕೊಟ್ಟಿಗೆಯ ಪ್ರಕಾರ ಜೀತ. ಆ ಅಧಿನಿಯಮದ 15ನೇ ಕಲಮನ್ನ ನಮ್ಮ ಎಲ್ಲಾ ಕಾರ್ಯಕರ್ತರೂ ಬಾಯಿಪಾಠ ಮಾಡಬೇಕು. ಇದು ಜೀತದ ಸಾಲ ಅಂತ ಜೀತಗಾರ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದು. ಕೇಳಿದಿರಾ? ದಾಖಲೆ ತರಬೇಕಾದವ ದಣಿ! ಫರೀದಾಬಾದಿನ ಕಲ್ಲು ಕ್ವಾರಿಗಳ ಬಂಧುವಾ ಮುಕ್ತಿ ಮೋರ್ಚಾ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಮುಂದುವರಿಸಿತು: ಬಲವಂತದ ದುಡಿಮೆ ಅಂತ ಕಂಡರೆ ಅದು ಮುಂಗಡ ಸಾಲಕ್ಕಾಗಿಯೇ ಅಂತ ಮೊದಲು ಭಾವಿಸಬೇಕು, ಅಲ್ಲ ಅನ್ನೋದಾದರೆ ಮಾಲೀಕ ತೋರಿಸಲಿ. ಯಾಕೆ ಹೀಗೆ ಬರೆದರು? ಕಾಗದ ಯಾವ ಮನೆಯ ಪೆಟ್ಟಿಗೆಯಲ್ಲಿ ಇರುತ್ತದೆ ಅನ್ನೋದು ಕಾನೂನು ಬರೆದವರಿಗೆ ಗೊತ್ತಿತ್ತು. ಕೋರ್ಟು ಒಪ್ಪೋ ಮಾತನ್ನ ಇತಿಹಾಸ ವಿಭಾಗ ಒಪ್ಪೋದಿಲ್ಲ ಅಂದರೆ, ಇತಿಹಾಸ ವಿಭಾಗ ಕೋರ್ಟಿಗಿಂತ ಕಟ್ಟುನಿಟ್ಟು ಅಂತ ತಿಳಿಯೋದೋ, ದಣಿಯ ಪರ ವಕೀಲಿ ಮಾಡ್ತದೆ ಅಂತ ತಿಳಿಯೋದೋ?

ಇದು ಬರೀ ಹಳೇ ಕತೆಗಳ ವಾದ ಅಲ್ಲ. ಇವತ್ತು ಬಿಡುಗಡೆ ಪತ್ರ ಕೇಳಿ ಕಚೇರಿ ಮೆಟ್ಟಿಲು ಹತ್ತೋರಿಗೂ ಕೌಂಟರಿನಲ್ಲಿ ಅದೇ ಪ್ರಶ್ನೆ: ದಾಖಲೆ ಏನೈತಿ? ಆ ಪ್ರಶ್ನೆ ಕೇಳೋ ಗುಮಾಸ್ತ ಅದನ್ನ ಕಲಿತದ್ದು ಇಂಥ ಕಾಲೇಜುಗಳಲ್ಲೇ. ನಾನೂ ಅಲ್ಲೇ ಕಲಿತೆ.

ನಮ್ಮ ಬಳಗದ ಆ ಹುಡುಗ ಈಗ ಎರಡು ಮಕ್ಕಳ ಅಪ್ಪ. ಅವನ ಮನೆಗೆ ಹೋಗಿ, ಅವತ್ತು ನಿರಂಕ ಅಂತ ಬರೆದವ ನಾನೇ ಅಂತ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ “ಈಗ ಬರಕೋ ಹಂಗಾರ” ಅಂದ. ಬರೆದುಕೊಂಡೆ. ದಿನಾಂಕ, ಊರು, ದಣಿಯ ಮನೆಯ ದಿಕ್ಕು, ಸಾಲದ ಮೊತ್ತ, ಅವನ ಹೆಂಡತಿ ಹೇಳಿದ್ದೂ ಸೇರಿ ಹದಿನಾಲ್ಕು ಪುಟ. ಕೆಳಗೆ ಇಬ್ಬರದೂ ಸಹಿ, ನನ್ನದೂ ಸಹಿ.

ಸಂಕಿರಣದಲ್ಲಿ ಮಾತಾಡಿದ ತಂಗೀ, ನೀನು ಈ ಪೋಸ್ಟ್ ಓದಿದರೆ ಮೆಸೇಜ್ ಮಾಡು. ದೊಡ್ಡಪ್ಪನ ನಾಲ್ಕು ರೆಕಾರ್ಡಿಂಗ್ ಕೊಡ್ತೀನಿ, ನಿನ್ನ ಪ್ರಬಂಧಕ್ಕೆ ಬಳಸಿಕೋ. ಉಳಿದವರು, ನಿಮ್ಮ ಕೇರಿಯಲ್ಲಿ ಜೀತಕ್ಕಿದ್ದ ಹಿರಿಯರು ಯಾರಾದರೂ ಇದ್ದರೆ ಬರೋ ಭಾನುವಾರ ಹೋಗಿ ಕೂತ್ಕೊಳ್ಳಿ. ವರ್ಷ ಕೇಳಬೇಡಿ, ಯಾವ ಬರ, ಯಾವ ಮಳೆ, ಯಾರ ಮದುವೆ ಅಂತ ಕೇಳಿ. ಕೇರಿಯ ಮಕ್ಕಳ ಶಾಲೆ ದಾಖಲಾತಿ ತೆಗೆಸಿಡಿ. ಹೊಲದ ಪಹಣಿ ಹಳೇದು ಸಿಕ್ಕರೆ ಫೋಟೋ ಹೊಡ್ಕೊಳ್ಳಿ. ಮತ್ತೆ, ಅಜ್ಜನ್ನ ಮಾತಾಡಿಸುವಾಗ ಒಳಗೆ ರೊಟ್ಟಿ ಬಡೀತಿರೋ ಅಜ್ಜಿಯನ್ನ ಹೊರಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಜೈ ಭೀಮ್.